ಜಗಲಿಯ ಕುರ್ಚಿ

ಹೋದ ವಾರ ಕಾರವಾರದ ಬಸ್ ನಿಲ್ದಾಣದಲ್ಲಿ ಅಂಕೋಲೆಯ ಬಸ್ಸಿಗೆ ಕಾಯುತ್ತಿದ್ದೆ. ಮಳೆಯಲ್ಲಿ ತೊಯ್ದ ಕರಿಕೋಟಿನ ಯುವಕನೊಬ್ಬ ಓಡಿಬಂದು ಪಕ್ಕದಲ್ಲಿ ನಿಂತ. ಅವನಾಚೆ ಒಣ ಶೆಟ್ಲಿಯ ಬುಟ್ಟಿ ಇಟ್ಟುಕೊಂಡ ಮೀನಿನ ಹೆಂಗಸು ಕೂತಿದ್ದಳು. ಒದ್ದೆ ಕೋಟಿನ ನುಸಿಗುಳಿಗೆ ವಾಸನೆಯೂ ಒಣಸೀಗಡಿಯ ಘಾಟೂ ಬೆರೆತು ಮೂಗಿಗೆ ಬಡಿದದ್ದೇ ತಡ, ನಾನು ಬಸ್ಸನ್ನು ಮರೆತೆ. ಇಡೀ ಲೋಕದಲ್ಲಿ ಈ ಎರಡು ವಾಸನೆ ಒಟ್ಟಿಗೆ ಇರುತ್ತಿದ್ದದ್ದು ಒಂದೇ ಕಡೆ. ಇದೇ ಊರಿನ ಹಬ್ಬುವಾಡದಲ್ಲಿ, ನಮ್ಮ ಪಕ್ಕದ ಮನೆಯ ಜಗಲಿಯಲ್ಲಿ.

ಅದು ವಕೀಲ ಮಾಮನ ಮನೆ. ಮಾಮ ಎಂದರೆ ರಕ್ತಸಂಬಂಧವಲ್ಲ, ಗೋಡೆ ಸಂಬಂಧ. ಮೀನುಗಾರರ ಮನೆಯಲ್ಲಿ ಹುಟ್ಟಿ, ಅಮ್ಮನ ಮೀನುಬುಟ್ಟಿಯ ಬಲದಲ್ಲಿ ಕಾನೂನು ಓದಿದವರು. ಅವರ ಕೋಟು ಒಣಗುತ್ತಿದ್ದದ್ದು ಶೆಟ್ಲಿ ಒಣಗುವ ಜಗಲಿಯಲ್ಲೇ. ಕೋರ್ಟಿನಲ್ಲಿ ಜೊತೆಯ ವಕೀಲರು ಮೂಗು ಮುಚ್ಚಿ ನಗಾಡಿದರೆ, "ಹಸಿವಾಯ್ತನ್ರಾ? ಮನೆಗೆ ಬನ್ನಿ, ಸಾರು ಅದೆ" ಎನ್ನುತ್ತಿದ್ದರಂತೆ.

ಹೊಸ ಶತಮಾನ ಬಂದು ಮೂರ್ನಾಲ್ಕು ವರ್ಷವಾಗಿತ್ತು. ನಾನು ಆಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸೋಲದ ಹುಡುಗಿ. ಪರವೋ ವಿರೋಧವೋ, ಚೀಟಿ ಎತ್ತಿದ ಮೇಲೆ ನಿರ್ಧಾರ. ನಂಬಿಕೆ ಎನ್ನುವುದು ಸೋತವರ ಸಮಾಧಾನ ಎಂದು ತಿಳಿದಿದ್ದೆ. ಜಾತಿಯ ತಾರತಮ್ಯವನ್ನು ಸಂವಿಧಾನ ಹಿಡಿದುಕೊಂಡೇ ಎದುರಿಸಬೇಕೆಂದು ಮಾಮ ಹೇಳಿದಾಗಲೆಲ್ಲ ನನಗೆ ನಾಲಿಗೆ ತುರಿಸುತ್ತಿತ್ತು.

"ಮಾಮ, ಐವತ್ತು ವರ್ಷದಿಂದ ಆ ಪುಸ್ತಕ ಅದೆ. ಯಾವ ಬಾಗಿಲು ತೆಗೀತು ಹೇಳಿ?"

"ಪುಸ್ತಕ ಬಾಗಿಲು ತೆಗೀತದೆ ಅಂದವರು ಯಾರು ಮಾರಾಯ್ತಿ? ಒಬ್ರು ಹೋಗಿ ತಟ್ಟಬೇಕು. ತಟ್ಟಿದವರ ಕೈ ಮುರೀದ ಹಾಗೆ ನೋಡ್ಕೊಳ್ಳೂದು ಪುಸ್ತಕದ ಕೆಲಸ."

ಆ ಮಳೆಗಾಲದಲ್ಲಿ ತಟ್ಟಲು ಒಬ್ಬರು ಬಂದರು. ಅಂಕೋಲೆಯ ಕಡೆಯ ಒಂದು ಊರಿನ ಕೂಲಿ ಹೆಂಗಸು. ನನ್ನ ಅಮ್ಮನಿಗಿಂತ ದೊಡ್ಡವರು. ಹಿಂದಿನ ವರ್ಷದ ಆಷಾಢದಲ್ಲಿ ಅವರ ಗಂಡ ತೀರಿಕೊಂಡಿದ್ದರು. ಊರಿನ ಸ್ಮಶಾನದಲ್ಲಿ ಪಂಚಾಯತಿಯ ಹಣದಲ್ಲಿ ಕಟ್ಟಿಸಿದ ತಗಡಿನ ಮಾಡಿನ ಶೆಡ್ಡಿತ್ತು. ಅದರ ಗೇಟಿಗೆ ಬೀಗ, ಬೀಗದ ಕೀಲಿ ಊರಿನ ಯಜಮಾನರ ಮನೆಯಲ್ಲಿ. ಕೂಲಿಕೇರಿಯವರಿಗೆ ಆ ಮಾಡು ಇಲ್ಲ. ಅವರ ಹೆಣ ಆಚೆ ಬಯಲಲ್ಲಿ, ಮರಳಿನ ಮೇಲೆ ಸುಡಬೇಕು. ಬೇಸಿಗೆಯಲ್ಲಿ ಸತ್ತವರು ಪುಣ್ಯವಂತರು. ನಮ್ಮ ಕಡಲತೀರದ ಆಷಾಢದ ಮಳೆಯಲ್ಲಿ ಬಯಲಲ್ಲಿ ಚಿತೆ ಹೊತ್ತಿಸುವುದೆಂದರೆ... ಅವರು ಅದನ್ನು ಪೂರ್ತಿ ಹೇಳಲಿಲ್ಲ. ಬೆಂಕಿ ಆರುತ್ತಿತ್ತು, ಮತ್ತೆ ಹಚ್ಚುತ್ತಿದ್ದೆವು, ಎಂದಷ್ಟೇ ಹೇಳಿದರು.

"ಆದದ್ದು ಆಯ್ತ್ರಾ. ಈಗ ಅತ್ತೆ ಮಲಗಿದ್ದಾಳೆ. 'ನನ್ನ ಮಾತ್ರ ಮಳೇಲಿ ಸುಡಬೇಡ್ವೇ' ಅಂತಾಳೆ ದಿನಾ. ಅವ್ಳಿಗೊಂದು ಮಾಡು ಬೇಕು, ಅಷ್ಟೇಯ."

ಮಾಮ ದಾವೆ ಹೂಡಿದರು. ಅಸ್ಪೃಶ್ಯತೆ ಯಾವ ರೂಪದಲ್ಲಿ ಬಂದರೂ ನಿಷಿದ್ಧ ಎನ್ನುವ ಹದಿನೇಳನೆಯ ವಿಧಿ, ಸರಕಾರದ ಹಣದಲ್ಲಿ ನಡೆಯುವ ಸಾರ್ವಜನಿಕ ಜಾಗಕ್ಕೆ ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದು ಎನ್ನುವ ಹದಿನೈದನೆಯದು. ಇವೆರಡು ಸಾಕು ಎಂದರು. "ಯಾರನ್ನೂ ಜೈಲಿಗೆ ಕಳಿಸೂದು ನಂಗೆ ಬೇಡ. ಆ ಕೀಲಿ ಯಜಮಾನರ ಗೋಡೆಯಿಂದ ಇಳೀಬೇಕು." ಆಮೇಲೆ ನನ್ನ ಕಡೆ ತಿರುಗಿ, "ನಿಂಗೆ ಅಷ್ಟೆಲ್ಲಾ ವಾದ ಬರ್ತದಲ್ಲ? ಆಚೆ ಕಡೆ ವಕೀಲ ಆಗು ನೋಡ್ವ. ಇವರನ್ನ ಪಾಟೀಸವಾಲು ಮಾಡು. ದಯೆ ತೋರಿಸ್ಬೇಡ" ಎಂದರು.

ಸಾಕ್ಷಿಗೆ ಪಾಠ ಹೇಳಿಕೊಡುವುದು ತಪ್ಪಲ್ಲವೇ ಎಂದು ಕೇಳದೆ ಬಿಡುವವಳೇ ನಾನು? "ಎಂತ ಹೇಳ್ಬೇಕು ಅಂತ ನಾ ಒಂದಕ್ಷರ ಹೇಳಿಕೊಡೂದಿಲ್ಲ. ನೀ ಕೇಳು, ಅವರು ಹೇಳ್ಲಿ" ಎಂದರು.

ಹಾಗೆ ಭಾನುವಾರದ ಜಗಲಿ ಕೋರ್ಟಾಯಿತು. ಆ ಹೆಂಗಸು ಕಂಬಕ್ಕೆ ಒತ್ತಿ ನಿಂತರು. ನಾನು ಗಂಟಲು ಸರಿಮಾಡಿಕೊಂಡೆ.

"ನಿಮ್ಮನ್ನು ಯಾರೂ ಕೈಹಿಡಿದು ತಡೆಯಲಿಲ್ಲ, ಅಲ್ಲವೇ?"

"ಹೌದು ಒಡೇರೆ."

"ಕೀಲಿ ಕೊಡಿ ಎಂದು ನೀವು ಕೇಳಲೇ ಇಲ್ಲ, ಅಲ್ಲವೇ?"

"ಹೌದು ಒಡೇರೆ."

"ಬಯಲಲ್ಲಿ ಸುಡುವುದು ನಿಮ್ಮದೇ ಪದ್ಧತಿ, ಅಲ್ಲವೇ?"

"ಹೌದು ಒಡೇರೆ."

ಕೇಸು ಮುಗಿದಿತ್ತು. ಅಷ್ಟು ಸುಲಭದ ಗೆಲುವು ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ಆದರೆ ಅಂದು ಬೆಳಿಗ್ಗೆಯಷ್ಟೇ, ಒಳಗೆ ಚಾ ಕುಡಿಯುತ್ತಾ, ಯಜಮಾನರ ಅಂಗಳದಲ್ಲಿ ನಿಂತು ಕೀಲಿ ಕೇಳಿದ್ದನ್ನು, "ನಿಮ್ಮ ಜಾಗ ಆಚೆ ಇಲ್ವನೇ" ಎಂದು ಅವರು ಅಟ್ಟಿದ್ದನ್ನು ಇದೇ ಬಾಯಿ ಚೆನ್ನಾಗಿ ಹೇಳಿತ್ತು! ಎದುರು ನಿಂತು ಯಾರಾದರೂ ಗಟ್ಟಿಯಾಗಿ ಕೇಳಿದರೆ ಆಕೆಗೆ ತಿಳಿದಿದ್ದ ಉತ್ತರ ಒಂದೇ. ಒಡೆಯರಿಗೆ 'ಅಲ್ಲ' ಎನ್ನುವ ರೂಢಿ ಅವರ ಕೇರಿಯಲ್ಲಿ ತಲೆಮಾರುಗಳಿಂದ ಇರಲಿಲ್ಲ. ಹತ್ತೊಂಬತ್ತರ ನಾನೂ ಅವರಿಗೆ ಒಡೇರೇ.

ಮಾಮ ಬೈಯಲಿಲ್ಲ, ತಿದ್ದಲಿಲ್ಲ. ಒಳಗಿನಿಂದ ಒಂದು ಕುರ್ಚಿ ತಂದಿಟ್ಟರು. ಆ ಹೆಂಗಸು ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. "ಮೇಲೆ, ಅಕ್ಕಾ" ಎಂದರು ಮಾಮ. "ಬ್ಯಾಡ್ರಾ, ಇಲ್ಲೇ ಸಮಾ ಅದೆ." ಎರಡು ಭಾನುವಾರ ಸಂವಿಧಾನದ ಮಾತೇ ಇಲ್ಲ, ಕುರ್ಚಿಯ ಮೇಲೆ ಕೂರುವುದೊಂದೇ ಪಾಠ. ಮೊದಲು ಅಂಚಿನಲ್ಲಿ, ಬಿದ್ದುಹೋಗುವ ಹಾಗೆ. ಆಮೇಲೆ ಬೆನ್ನು ಒರಗಿತು. ನನ್ನನ್ನು ಕಂಬದ ಬಳಿ ನಿಲ್ಲಿಸಿ, "ಈಗ ನೀವು ಇವ್ಳಿಗೆ ಕೇಳಿ" ಎಂದರು ಮಾಮ. ಆಕೆ ಸೆರಗು ಸರಿಮಾಡಿಕೊಂಡು ಕೇಳಿದ ಮೊದಲ ಪ್ರಶ್ನೆ: "ಊಟ ಆಯ್ತನ್ರಾ?"

ಮೂವರೂ ನಕ್ಕೆವು. ಆ ನಗುವಿನಲ್ಲಿ ಏನೋ ಸಡಿಲವಾಯಿತು. ಅವರ ಎರಡನೆಯ ಪ್ರಶ್ನೆ ಮಾತ್ರ ನಗುವಿನದಲ್ಲ: "ನಿಮ್ಮ ಅಪ್ಪನ್ನ ಮಳೇಲಿ ಸುಡ್ತ್ರಾ?"

ವಿಚಾರಣೆಯ ದಿನ ಅಂಕೋಲೆಯ ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿದ್ದೆ. ಎದುರು ವಕೀಲರು ಕೇಳಿದ್ದು ಬಹುಪಾಲು ನನ್ನದೇ ಪ್ರಶ್ನೆಗಳು.

"ಕೀಲಿ ಕೊಡಿ ಎಂದು ನೀವು ಯಾರನ್ನೂ ಕೇಳಲಿಲ್ಲ, ಅಲ್ಲವೇ?"

"ಹೌದು ಒ..." ಎಂದರು. ಕಟಕಟೆಯ ಕಟ್ಟಿಗೆಯನ್ನು ಕುರ್ಚಿಯ ತೋಳಿನಂತೆ ಹಿಡಿದರು. "ಅಲ್ಲ. ಕೇಳಿದ್ನೆ. ಅವ್ರ ಅಂಗಳದಲ್ಲಿ ನಿಂತು ಕೇಳಿದ್ನೆ."

"ಇದನ್ನೆಲ್ಲ ನಿಮ್ಮ ವಕೀಲರು ಹೇಳಿಕೊಟ್ಟರೋ?"

"ಹೌದ್ರಾ. 'ಅಲ್ಲ' ಅನ್ನೂಕೆ ಅವ್ರೇ ಕಲಿಸಿದ್ದು. ಬಾಕಿ ಎಲ್ಲಾ ನಾ ಕಂಡದ್ದು."

ನ್ಯಾಯಾಧೀಶರು ತಲೆ ತಗ್ಗಿಸಿ ಬರೆದುಕೊಳ್ಳುತ್ತಾ ನಕ್ಕದ್ದನ್ನು ನಾನು ಕಂಡೆ. ಮಾಮ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದರು.

ತೀರ್ಪು ಬರಲು ತಡವಾಯಿತು, ಆದರೆ ಬಂತು. ಶೆಡ್ಡು ಎಲ್ಲರದ್ದು, ಕೀಲಿ ಪಂಚಾಯತಿ ಕಚೇರಿಯಲ್ಲಿರತಕ್ಕದ್ದು. ಅಷ್ಟರವರೆಗೆ ಅತ್ತೆ ಹಟ ಹಿಡಿದವರ ಹಾಗೆ ಜೀವ ಹಿಡಿದಿದ್ದರು. ಮರು ಮಳೆಗಾಲದಲ್ಲಿ ಹೋದರು. ಮಾಮ ಕೋರ್ಟಿನಿಂದ ಕೋಟಿನಲ್ಲೇ ಅಂಕೋಲೆಯ ಬಸ್ಸು ಹತ್ತಿದರು. ಸಂಜೆ ನೀರಿಳಿಸುತ್ತಾ ವಾಪಸು ಬಂದು ಕೋಟನ್ನು ಹಗ್ಗಕ್ಕೆ ಹಾಕಿದರು.

"ಹೇಗಾಯ್ತು ಮಾಮ?"

"ಒಂದೇ ಕಡ್ಡಿಗೆ ಹತ್ತಿತು ತಂಗೀ."

ಅಷ್ಟೇ ಹೇಳಿ ಒಳಗೆ ಹೋದರು...

ನಾನು ಸುಮ್ಮನಿರುವವಳಲ್ಲ. ಊರಿನ ಕೆಲವರು ಸಿಟ್ಟಿನಿಂದ ಆ ಶೆಡ್ಡನ್ನೇ ಬಿಟ್ಟು ತಮ್ಮ ಹೆಣಗಳನ್ನು ಬೇರೆ ಕಡೆ ಒಯ್ಯುತ್ತಿದ್ದಾರೆಂದು ಕೇಳಿದಾಗ ಓಡಿಹೋಗಿ ವಾದಿಸಿದೆ: ಕಾನೂನು ಬೀಗ ತೆಗೆಯಿತು, ಮನಸ್ಸನ್ನಲ್ಲ! ಮಾಮ ಶೆಟ್ಲಿ ಮಗುಚುತ್ತಿದ್ದರು. "ಹೌದು, ಮನಸ್ಸಿನ ಕೇಸು ನಾ ತಕೊಂಡೇ ಇಲ್ಲ. ನೀ ತಕೊ. ಆದ್ರೆ ತಡಿ, ಈ ಕೇಸಲ್ಲಿ ಮಳೆಯೂ ನಮ್ಮ ಕಡೆ ವಕೀಲ" ಎಂದರು. ಒಂದೆರಡು ಆಷಾಢ ಕಳೆಯುವಷ್ಟರಲ್ಲಿ ಅವರೂ ಅದೇ ಮಾಡಿನ ಕೆಳಗೆ ಬಂದರು. ನನ್ನ ವಾದ ಸುಳ್ಳಾಗಲಿಲ್ಲ. ಅದೊಂದೇ ನಿಜವಲ್ಲ ಎಂದು ತಿಳಿಯಿತು. ಇಷ್ಟನ್ನು ನನಗೆ ಒಪ್ಪಿಸಿದ ಮನುಷ್ಯ ಮತ್ತೊಬ್ಬರಿಲ್ಲ.

ಮಾಮ ಹೋಗಿ ಇದು ಎರಡನೆಯ ಮಳೆಗಾಲ. ಆ ದಿನ ಜಗಲಿ ತುಂಬ ಕರಿಕೋಟುಗಳು ನಿಂತಿದ್ದವು. ಅಂಕೋಲೆಯ ಬಸ್ಸಿನಿಂದ, ಅತ್ತೆಗೊಂದು ಮಾಡು ಕೇಳಿ ಬಂದಿದ್ದ ಆ ಅಕ್ಕನೂ ಇಳಿದು ಬಂದರು. ಯಾರನ್ನೂ ಕೇಳಲಿಲ್ಲ. ಮೂಲೆಯಲ್ಲಿದ್ದ ಆ ಕುರ್ಚಿಯನ್ನು ಮಾಮನ ಹತ್ತಿರ ಎಳೆದುಕೊಂಡು, ಬೆನ್ನು ಒರಗಿಸಿ ಕೂತು ಅತ್ತರು. ಆಮೇಲೆ ನನ್ನತ್ತ ಕೈಚಾಚಿ, "ಬಾ ತಂಗೀ" ಎಂದರು. ಒಡೇರೆ ಎನ್ನಲಿಲ್ಲ.

ನಿಲ್ದಾಣದಲ್ಲಿ ಬಸ್ಸು ಬಂತು. ಯುವ ವಕೀಲ ಹತ್ತಿದ, ಶೆಟ್ಲಿಯ ಬುಟ್ಟಿಯೂ ಹತ್ತಿತು. ಎರಡು ಸೀಟು ಬಿಟ್ಟು ನಾನೂ ಕೂತೆ. ಹಟ್ಟಿಕೇರಿ ದಾಟುವ ತನಕ ಮನಸ್ಸಿನಲ್ಲೇ ಮಾಮನಿಗೊಂದು ಹೊಸ ಪ್ರಶ್ನೆ ಜೋಡಿಸುತ್ತಿದ್ದೆ, ಎಂದಿನ ಹಾಗೆ, ದಯೆ ತೋರಿಸದೆ. ಆಚೆ ಕಡೆಯಿಂದ ಉತ್ತರ ಬರಲಿಲ್ಲ. ವಾಸನೆ ಮಾತ್ರ ಅಂಕೋಲೆಯವರೆಗೂ ಜೊತೆಗಿತ್ತು...