ಉಳಿದ ಒಂದೇ ಮಾತು

ಮರಾಠಿಯಲ್ಲಿ ಟಾಕಾ ಎಂದರೆ ಹೊಲಿಗೆ, ಟಾಕ ಎಂದರೆ ಹಾಕು, ಸುರಿ. ವಿಜಯಪುರದ ಕಡೆಯಿಂದ ಮದುವೆಯಾಗಿ ಪುಣೆ ಹತ್ತಿರದ ನಿಗಡಿಗೆ ಬಂದ ನನ್ನ ಅತ್ತೆ ಇವೆರಡನ್ನೂ ಓಣಿಯ ಹೆಂಗಸರಿಂದ ಕಲಿತಿದ್ದರು. ಅವರಿಗೆಲ್ಲ ಬ್ಲೌಸು ಹೊಲಿದುಕೊಡುತ್ತಿದ್ದರು. ಮಷೀನಿಗೆ ಕೊಡುವ ಮೊದಲು ಬಿಳಿ ದಾರದಲ್ಲಿ ಕಚ್ಚಾ ಟಾಕಾ ಹಾಕಿ, ತೊಡಿಸಿ ನೋಡುವರು. “ಇದು ಬಿಚ್ಚಾಕ ಹಾಕೂ ಹೊಲಿಗಿ, ಬಿಗಿ ಹಾಕಬಾರ್ದು,” ಎನ್ನುತ್ತಿದ್ದರು.

ಬದನೆಕಾಯಿ ಎಣಗಾಯಿ ಮಾಡುವಾಗಲೂ ಅವರಿಗೆ ಅದೇ ತಾಳ್ಮೆ. ಸೌಟು ಆಡಿಸಿದರೆ ಕಾಯಿ ಒಡೆಯುತ್ತದೆಂದು ತಳದ ಮಸಾಲೆಯನ್ನು ಚಮಚದಲ್ಲಿ ಎತ್ತಿ ಎತ್ತಿ ಮೇಲೆ ಹಾಕುತ್ತ ನಿಲ್ಲುವರು.

ನನ್ನ ಮಗಳ ನಿಶ್ಚಿತಾರ್ಥ ಹತ್ತಿರ ಬಂದಾಗ ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರ ಬಾಯಲ್ಲಿ ಉಳಿದದ್ದು ಒಂದೇ ಶಬ್ದ: ಟಾಕ. ನೀರು ಬೇಕಾದರೂ ಅದೇ, ಹೊದಿಕೆ ಬೇಕಾದರೂ ಅದೇ.

“ನನ್ನ ಹೆಸರು ಸುದ್ದಾ ಬರವಲ್ತು ಅಕಿ ಬಾಯಾಗ,” ಎಂದು ನನ್ನ ಗಂಡ ಅಡುಗೆಮನೆಯಲ್ಲಿ ನಿಂತು ಅತ್ತರು.

ಒಂದು ಮಧ್ಯಾಹ್ನ ಅತ್ತೆ “ಟಾಕ, ಟಾಕ” ಎಂದು ಹಟ ಹಿಡಿದರು. ನೀರು ಕೊಟ್ಟೆ, ತಳ್ಳಿದರು. ಗಂಜಿ ತಂದೆ, ಮುಖ ತಿರುಗಿಸಿದರು. ಕೊನೆಗೆ ಎಡಗೈ ಮಷೀನಿನ ಕಡೆ ಚಾಚಿತು. ಮೊಮ್ಮಗಳಿಗೆಂದು ಕತ್ತರಿಸಿದ ಹಸಿರು ರೇಷ್ಮೆ ಬ್ಲೌಸು ಅಲ್ಲೇ ಇತ್ತು. ಕಚ್ಚಾ ಟಾಕಾ ಅರ್ಧ ಆಗಿತ್ತು.

“ನನಗ ಬರೂದಿಲ್ರಿ ಅತ್ತಿ. ಟೇಲರ್ ಕಡೆ ಕೊಡ್ತೀನಿ,” ಎಂದೆ.

ಅವರು ಬ್ಲೌಸನ್ನು ಎದೆಗೊತ್ತಿಕೊಂಡರು. ನಾನು ಸೂಜಿ ಪೋಣಿಸಿದೆ. ಅವರ ಎಡಗೈ ಬೆರಳು ಬಟ್ಟೆಯ ಮೇಲೆ ಹೋದ ದಾರಿಯಲ್ಲೇ ಹೊಲಿಯುತ್ತ ಹೋದೆ. ಬಿಗಿಯಾದಲ್ಲಿ ಬೆರಳು ನಿಂತುಬಿಡುತ್ತಿತ್ತು, ನಾನು ಬಿಚ್ಚುತ್ತಿದ್ದೆ.

ಎಷ್ಟೋ ಮಧ್ಯಾಹ್ನಗಳು ಹೀಗೇ ಕಳೆದವು. ಒಂದು ದಿನ ನಾನು ಎಣಗಾಯಿ ಒಲೆಯ ಮೇಲಿಟ್ಟಿದ್ದೆ. ಬಾಗಿಲಲ್ಲಿ ಕುರ್ಚಿಯ ಮೇಲಿದ್ದ ಅತ್ತೆ “ಟಾಕ” ಎಂದರು. ನಾನು ಓಡಿಹೋಗಿ ಬ್ಲೌಸು, ಸೂಜಿ ತಂದೆ. ಅವರು ತಲೆಯಾಡಿಸಿ ಬಾಣಲೆಯ ಕಡೆ ನೋಡಿದರು. ಕಾಯಿಗಳ ಮೇಲ್ಭಾಗ ಒಣಗಿತ್ತು. ಚಮಚ ಎತ್ತಿ ಮಸಾಲೆ ಹಾಕಿದೆ. ಅರ್ಧ ಮುಖದಲ್ಲೇ ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿತು. ನಾನು ಒಲೆ ಆರಿಸಿ ಅವರ ಕಾಲ ಬಳಿ ಕೂತೆ.

ನಿಶ್ಚಿತಾರ್ಥಕ್ಕೆ ಮೊದಲೇ ಎರಡನೆಯ ಸಲ ಹೊಡೆಯಿತು. ಈ ಸಲ ಆಸ್ಪತ್ರೆಯಿಂದ ಅವರು ಮನೆಗೆ ಬರಲಿಲ್ಲ. ಮುಂದೂಡಿದ ನಿಶ್ಚಿತಾರ್ಥದಲ್ಲಿ ಮಗಳು, ಕಚ್ಚಾ ಟಾಕಾದ ಗೆರೆ ಹಿಡಿದು ನಾನೇ ಮಷೀನು ಹಾಕಿ ಮುಗಿಸಿದ ಆ ಬ್ಲೌಸನ್ನೇ ತೊಟ್ಟಳು. ಒಂದು ತೋಳು ಕೊಂಚ ಸೊಟ್ಟಗಿತ್ತು.

“ಬಿಚ್ಚಿ ಸರಿ ಮಾಡ್ಲೇನು?” ಎಂದು ಕೇಳಿದೆ.

“ಬ್ಯಾಡವ್ವ, ಇರ್ಲಿ,” ಎಂದಳು.

ಮೊನ್ನೆ ದೂರದ ಸಾಸವಡದಿಂದ ಹಳೆಯ ಗಿರಾಕಿಯೊಬ್ಬರು ಹೊಸ ಬಟ್ಟೆ ಹಿಡಿದು ಬಂದರು. ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಹೇಳಿದೆ. ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲಲ್ಲೇ ಕೂತರು. ನಾನು ಅವರ ಪಕ್ಕದಲ್ಲಿ ಕೂತೆ.