ಯಮನಪ್ಪ ಕಾಕಾನ ಬೆರಳು

ಕೊತಕೊತ ಕುದಿಯುವ ಬೆಲ್ಲದ ಪಾಕಕ್ಕೆ ಬರಿಗೈ ಹಾಕಿ, ಏನೂ ಆಗದವನಂತೆ ಹೊರತೆಗೆಯುತ್ತಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಬಲ್ಲೆ. ಅವನೇ ಯಮನಪ್ಪ ಕಾಕಾ. ಮುಧೋಳದ ಹತ್ತಿರ ನಮ್ಮ ಹೊಲದಲ್ಲಿ ಗಾಣದಮನೆ ಇದೆ. ಅಪ್ಪನ ಕಾಲದಲ್ಲೂ, ಆಮೇಲೆ ಅಣ್ಣ ಅದನ್ನು ನಡೆಸತೊಡಗಿದ ಮೇಲೂ, ಅಲ್ಲಿ ಪಾಕ ನೋಡುತ್ತಿದ್ದವನು ಅವನೇ. ಕಬ್ಬಿನ ಹಾಲು ಕಾಯ್ದು, ಗಟ್ಟಿಯಾಗಿ, ಯಾವ ಗಳಿಗೆಗೆ ಕೊಪ್ಪರಿಗೆ ಇಳಿಸಬೇಕೆಂದು ಹೇಳುವುದು ಅವನ ಕೆಲಸ. ಪಕ್ಕದಲ್ಲಿ ಒಂದು ತಂಬಿಗೆ ತಣ್ಣೀರು. ಬೆರಳನ್ನು ನೀರಿಗೆ ಅದ್ದಿ, ಪಾಕದಿಂದ ಚಿಟಿಕೆಯಷ್ಟು ತೆಗೆದು, ಮತ್ತೆ ನೀರಿಗೆ. ಉಂಡೆ ಕಟ್ಟಿ ತಗಡಿಗೆ ಹೊಡೆದರೆ ಟಣ್ ಎನ್ನಬೇಕು. ಎಂದಿತೋ, "ಇಳಸ್ರಲೇ!" ಎಂದು ಒಂದು ಕೂಗು. ಆ ಕೂಗಿಗೆ ನಾಲ್ಕು ಹೊಲದಾಚೆಯ ಎತ್ತೂ ತಲೆ ಎತ್ತುತ್ತಿತ್ತು.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ಉಷ್ಣದ ಪಾಠವೆಂದರೆ ನನಗೆ ನಾಲಿಗೆ ತುದಿಯಲ್ಲಿ. ಕೆಲಸ ಸಿಕ್ಕ ಹೊಸತರಲ್ಲಿ, ಓದಿದವಳು ಎಂಬ ಧಿಮಾಕಿನಲ್ಲಿ, ಒಂದು ದಿನ ಪಾಕದಲ್ಲಿದ್ದ ಕಬ್ಬಿಣದ ಸೌಟನ್ನು ಎತ್ತಲು ಹೋದೆ. ಹಿಡಿಯುವ ಬಟ್ಟೆ ತಂಪಾಗಿದ್ದರೆ ಕೈ ಸುಡುವುದಿಲ್ಲವೆಂದು ಬಟ್ಟೆಯನ್ನು ನೀರಲ್ಲಿ ಅದ್ದಿ, ಅದರಿಂದ ಸೌಟು ಹಿಡಿದೆ. ಅಯ್ಯಯ್ಯೋ! ಸೌಟು ಅತ್ತ, ನಾನು ಇತ್ತ.

"ಏ ಹುಚ್ಚಿ, ಒಣಾ ಅರಿವಿ ಹಿಡೀಬೇಕ ಬೇ!" ಎಂದು ಕಾಕಾ ಓಡಿ ಬಂದು ನನ್ನ ಅಂಗೈಯನ್ನು ತಂಬಿಗೆಗೆ ತುರುಕಿದ. "ಒಣಾ ಅರಿವ್ಯಾಗ ಗಾಳಿ ಕುಂತಿರ್ತೈತಿ. ಅದು ಬಿಸಿ ದಾಟಗೊಡಂಗಿಲ್ಲ. ನೀರು ಹಂಗಲ್ಲ, ಇಲ್ಲಿದ್ದದ್ದು ಅಲ್ಲಿಗಿ ಮುಟ್ಟಿಸಿಬಿಡ್ತೈತಿ."

ಉರಿಯುವ ಅಂಗೈ ಇಟ್ಟುಕೊಂಡೇ ವಾದಕ್ಕೆ ನಿಂತೆ. "ಮತ್ತ ನೀ ಹಸಿ ಬೆರಳು ಪಾಕಕ್ಕ ಹಾಕ್ತಿ. ಅದ್ಯಾಕ ಸುಡಂಗಿಲ್ಲ?"

"ಅದು ಹೊತ್ತಿನ ಮಾತು ಯವ್ವಾ. ಚಿಟಿಕಿ ಹೊಡಿಯೂದ್ರಾಗ ಕೈ ತಗದ್ರ ಬಿಸಿ ಮೊದಲ ನೀರ ತಿಂತೈತಿ, ಬೆರಳು ಉಳೀತೈತಿ. ಹಿಡಕೊಂಡು ನಿಂತ್ರ ಅದ ನೀರು ಕುದ್ದು ಸುಡ್ತೈತಿ."

ಮರುದಿನ ತರಗತಿಯಲ್ಲಿ ಇದನ್ನೇ ಹೇಳಿದೆ. ಎಲ್ಲಿಂದ ಕಲಿತೆನೆಂದು ಮಾತ್ರ ಹೇಳಲಿಲ್ಲ. ನಾಚಿಕೆಗೇಡಿ ನಾನು.

ಕಾಕಾ ಮದುವೆಯಾದವನಲ್ಲ. ದೀಪಾವಳಿಯಿಂದ ಉಗಾದಿಯ ತನಕ ಗಾಣದಮನೆಯೇ ಮನೆ. ಒಲೆಗೆ ಕಬ್ಬಿನ ಒಣಗರಿಯ ರವದಿ ಹಾಕುವವರು, ಕಬ್ಬು ಹೊರುವವರು, ಬಿಸಿ ಬೆಲ್ಲ ತಿನ್ನಲು ಬರುವ ಹೆಂಗಸರು ಮಕ್ಕಳು, ಎಲ್ಲರ ಹಣೆ ಮುಟ್ಟಿ ನೋಡುವ ಚಟ ಅವನಿಗೆ. "ಲೇ, ನಿನಗ ಜ್ವರ ಅದಾವ, ಮನಿಗಿ ಹೋಗು" ಎಂದರೆ ಮುಗಿಯಿತು, ಥರ್ಮಾಮೀಟರ್ ಇಟ್ಟರೂ ಅದೇ ಬರುತ್ತಿತ್ತು. ಸೀಜನ್ ಮುಗಿದರೆ ತನ್ನೂರು ತುಬಚಿಯ ಒಂದೇ ಖೋಲಿಯ ಮನೆಗೆ ಹೋಗುತ್ತಿದ್ದ. "ಅಲ್ಲಿ ಮಾತಾಡಾಕ ಗ್ವಾಡಿ ಅಷ್ಟ ಅದಾವ" ಎಂದು ನಗುತ್ತಿದ್ದ. ನಾವೂ ನಗುತ್ತಿದ್ದೆವು. ಆ ಖೋಲಿಯಲ್ಲಿ ಅವನು ಏನು ಮಾಡುತ್ತಾನೆಂದು ಒಬ್ಬರೂ ಕೇಳಿದವರಲ್ಲ.

ಅವನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಬೆಲ್ಲ ಮಾಡುವವನಿಗೆ ಇದೆಂಥ ಗ್ರಹಚಾರ ಎಂದು ಊರೆಲ್ಲ ಚೇಷ್ಟೆ. ಮೊದಲು ಕಾಲು ಜೋಮು ಹಿಡಿಯಿತು. ಚಪ್ಪಲಿ ಎಲ್ಲೋ ಕಳಚಿ ಬಿದ್ದದ್ದು ಗೊತ್ತಾಗದೆ ನಡೆದು ಬರುತ್ತಿದ್ದ. ಕೈಯ ಸುದ್ದಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಗಾಣದಮನೆಗೆ ಹೋಗಿದ್ದೆ. ಒಲೆಯ ಪಕ್ಕದಿಂದ ಯಾರೋ ಸ್ಟೀಲ್ ಗ್ಲಾಸಿನಲ್ಲಿ ಚಹಾ ತಂದರು. ನಾನು ಅದನ್ನು ಮುಟ್ಟಿದ್ದೇ ಹೌಹಾರಿ ಕೈಬಿಟ್ಟೆ. ಕಾಕಾ ಮಾತ್ರ ತನ್ನ ಗ್ಲಾಸನ್ನು ಇಡೀ ಅಂಗೈಯಿಂದ ಹಿಡಿದು ಮಾತಾಡುತ್ತ ಕೂತಿದ್ದ. ಅವನ ಬೆರಳು ಬಿಡಿಸಿ ನೋಡಿದೆ. ಮೂರು ಬೆರಳ ತುದಿಯಲ್ಲಿ ಬೊಬ್ಬೆ ಎದ್ದು, ಒಡೆದು, ಕೀವು ಕಟ್ಟಿತ್ತು. ಪಾಕದಲ್ಲಿ ಕೈ ಎಷ್ಟು ಹೊತ್ತು ಇತ್ತೆಂಬುದೇ ಅವನಿಗೆ ತಿಳಿದಿರಲಿಲ್ಲ.

"ಎಂದಿನಿಂದ ಹಿಂಗ ಕಾಕಾ?"

"ಎರಡ ಸೀಜನ್ ಆತು. ಬಣ್ಣ ಕಣ್ಣಿಗಿ ತಿಳೀತೈತಿ, ಟಣ್ ಅನ್ನೂದು ಕಿವಿಗಿ ಕೇಳ್ತೈತಿ. ಬೆಲ್ಲ ಏನ ಕೆಟ್ಟೈತೇನ, ಹೇಳು?" ಕೆಟ್ಟಿರಲಿಲ್ಲ, ಖರೆ. ಆಮೇಲೆ ದನಿ ಇಳಿಸಿದ. "ನಿಮ್ಮಣ್ಣಗ ಹೇಳಬ್ಯಾಡ ಯವ್ವಾ. ಈ ಕೊಪ್ಪರಿಗಿ ಬಿಟ್ರ ನನಗ ಯಾರದಾರ?"

ಆಗಲಿ ಎಂದು ಮಾತು ಕೊಟ್ಟೆ. ಒಂದು ವಾರವೂ ತಡೆಯಲಿಲ್ಲ. ಹುಣ್ಣು ನಂಜೇರಿದರೆ ಕೈಯೇ ಹೋದೀತು ಎಂಬ ಹೆದರಿಕೆ ನನಗೆ. ಅಣ್ಣನಿಗೆ ಹೇಳಿಬಿಟ್ಟೆ. ಅಣ್ಣ ಕೆಟ್ಟವನಲ್ಲ. ಕಾಕಾನ ಕೈಗೆ ಔಷಧ ಮಾಡಿಸಿದ, ಪಾಕ ನೋಡಲು ಬೀಳಗಿ ಕಡೆಯ ಒಬ್ಬನನ್ನು ಕರೆಸಿದ, ಕಾಕಾನಿಗೆ ಕುರ್ಚಿ ಹಾಕಿಸಿ, "ಇಲ್ಲೇ ಕುಂತು ಎಲ್ಲಾರಿಗೂ ಹೇಳಿಕೊಡು" ಎಂದ. ಕಾಕಾ ಎರಡು ದಿನ ಕೂತ. ಮೂರನೆಯ ದಿನ ಎದ್ದ. "ಕುಂತು ನೋಡಾಕ ನಾ ಏನ ಬೀಗರೇನ?" ಎಂದು ತಲೆಗೆ ಪಟಕಾ ಸುತ್ತಿಕೊಂಡು ತುಬಚಿ ಬಸ್ಸು ಹತ್ತಿದ. ಹುಣ್ಣು ಮಾಯಿತು. ಬೆರಳು ಉಳಿದವು. ನಾನು ಮಾಡಿದ್ದು ಸರಿಯೇ ಎಂದು ಎಷ್ಟು ಸಲ ನನಗೆ ನಾನೇ ಹೇಳಿಕೊಂಡರೂ ಮನಸ್ಸು ಒಪ್ಪುವುದಿಲ್ಲ.

ಮರುವರ್ಷದ ಉಗಾದಿಗೆ ಮೊದಲೇ ಅವನು ತೀರಿಕೊಂಡ. ಅದಕ್ಕೆ ತಿಂಗಳು ಮುಂಚೆ ಒಮ್ಮೆ ನೋಡಲು ಹೋಗಿದ್ದೆ. ಗಾಣದಮನೆಯ ಗದ್ದಲದಲ್ಲೇ ಅವನನ್ನು ಕಂಡು ರೂಢಿಯಾಗಿದ್ದ ನನಗೆ ಆ ಖೋಲಿಯ ಮುಂದೆ ಅವನು ಬೇರೆಯವನಂತೆ ಕಂಡ. ಹೊಸ್ತಿಲಲ್ಲಿ ಕೂತು, ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ನೋಡುತ್ತಿದ್ದ. ನನ್ನ ಮೇಲೆ ಸಿಟ್ಟಿರಬಹುದು, ಬೈಯಲಿ ಎಂದುಕೊಂಡೇ ಹೋಗಿದ್ದೆ. "ಈ ಸರತಿ ಬೆಲ್ಲದ ಬಣ್ಣ ಹೆಂಗ ಬಂದೈತಿ?" ಎಂದು ಕೇಳಿದ, ಅಷ್ಟೆ.

ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡೆ. ತಪ್ಪಾಯಿತು ಎನ್ನುವ ಬದಲು ಅಷ್ಟೇ ಮಾಡಿದೆ. ಅವನು ರಸ್ತೆ ನೋಡುತ್ತಲೇ ಮಾತಾಡಿದ, ಬಾವಿಯ ನೀರು, ಪಕ್ಕದ ಮನೆಯ ಎಮ್ಮೆ, ಏನೇನೋ. ನಾನು ಕೈಯನ್ನು ಇನ್ನಷ್ಟು ಒತ್ತಿದೆ. ಅವನು ಮಾತು ನಿಲ್ಲಿಸಲಿಲ್ಲ, ಇತ್ತ ತಿರುಗಲೂ ಇಲ್ಲ. ನಾನು ಹಿಡಿದದ್ದೇ ಅವನಿಗೆ ಗೊತ್ತಾಗಿರಲಿಲ್ಲವೆಂದು ಆಗ ನನಗೆ ಹೊಳೆಯಿತು. ಕಣ್ಣೀರು ತಡೆಯಲಾಗಲಿಲ್ಲ. ಬಿಕ್ಕಿದ ಸದ್ದಿಗೆ ತಿರುಗಿ ನೋಡಿದ, ಮುಖ ನೋಡಿದ, ಆಮೇಲೆ ಕೆಳಗೆ ನೋಡಿದ.

"ಯಾವಾಗ ಹಿಡದಿ ಯವ್ವಾ?"

ನಾನು ನಾಚಿ ಕೈ ಬಿಡಲು ಹೋದೆ.

"ಬಿಡಬ್ಯಾಡ," ಎಂದ ಕಾಕಾ. "ನನಗ ಬಿಸಿ ತಿಳಿಯಂಗಿಲ್ಲ. ಇರಲಿ, ನೀ ಹಿಡಿದದ್ದ ಕಣ್ಣಿಲೆ ನೋಡ್ತೀನಿ."

ಜಮಖಂಡಿಯ ಬಸ್ಸು ಬರುವ ತನಕ ಅವನು ಮತ್ತೆ ರಸ್ತೆ ನೋಡಲಿಲ್ಲ.