ನಿಕಾನೋರನ ಹೆಸರಿನ ಬಾವಿ

ಅಗ್ರಿಪೀನಾ ಬಾವಿಗೆ ‘ವಿಷ, ಕುಡಿಯಬೇಡಿ’ ಎಂಬ ಕೆಂಪು ಹಲಗೆ ಕಟ್ಟುತ್ತಿದ್ದಾಳೆಂದು ಕಿವಿಗೆ ಬಿದ್ದದ್ದೇ ತಡ, ತ್ರೋಫಿಮ್ ಕೊಡಲಿ ಹಿಡಿದು ಓಡಿ ಬಂದ. ಒಂದೇ ಏಟಿಗೆ ಹಲಗೆ ಎರಡು ಹೋಳು.

"ಯಾರಪ್ಪನ ಬಾವಿ ಅಂತ ಕಟ್ತಿದ್ದೀಯೇ? ಇದು ನನ್ನ ಮಗನ ಬಾವಿ!"

ಸುಳ್ಳಲ್ಲ. ಟ್ರ್ಯಾಕ್ಟರ್ ಮಗುಚಿ ಸತ್ತ ನಿಕಾನೋರನಿಗಾಗಿ ಅಪ್ಪನೇ ತೋಡಿಸಿದ ಬಾವಿ. ಪಕ್ಕದ ಶಿಲುಬೆಯ ಮೇಲೆ ಅವನ ಹೆಸರಿದೆ. ಮೊಲ್ದೋವಾದ ಆ ಹಳ್ಳಿಗಳಲ್ಲಿ ದಾರಿಹೋಕರು ಕುಡಿದು "ದೇವರು ಅವನನ್ನು ಕ್ಷಮಿಸಲಿ" ಎಂದರೆ ಆ ನೀರು ಸತ್ತವನಿಗೆ ಮುಟ್ಟುತ್ತದೆಂಬ ನಂಬಿಕೆ. ಯಾರೂ ಕುಡಿಯದಿದ್ದರೆ ಮಗ ಪರಲೋಕದಲ್ಲಿ ಬಾಯಾರಿ ಕೂತಿರುತ್ತಾನೆ. ಇಂಥ ಬಾವಿಗೆ ವಿಷದ ಹಲಗೆ ಕಟ್ಟಿದರೆ ಯಾವ ತಂದೆ ಸುಮ್ಮನಿದ್ದಾನು?

ಆದರೆ ಅಗ್ರಿಪೀನಾಳೂ ಸುಮ್ಮನಿರುವ ಹೆಂಗಸಲ್ಲ. ಆರೋಗ್ಯ ಕೇಂದ್ರದ ಪರವಾಗಿ ಸೈಕಲ್ ತುಳಿದು ಊರೂರಿನ ಬಾವಿ ನೀರು ಪರೀಕ್ಷಿಸುತ್ತಾ ಬೈಗುಳ ತಿಂದವಳು, ನಾಯಿಯಿಂದ ಕಡಿಸಿಕೊಂಡವಳು.

"ತ್ರೋಫಿಮಣ್ಣ, ಮೇಲ್ಗಡೆ ನಿನ್ನ ಕುರಿದೊಡ್ಡಿ ಇದೆ. ಗೊಬ್ಬರದ ವಿಷವೆಲ್ಲ ಇಳಿದು ನೀರಿಗೆ ಸೇರಿದೆ. ದೊಡ್ಡೋರು ಹೇಗೋ ತಡ್ಕೋತಾರೆ, ಹಸುಗೂಸಿನ ರಕ್ತವೇ ಕೆಟ್ಟು ಹೋಗುತ್ತೆ!"

"ನಮ್ಮ ಕೂಸಿಗೆ ಸೊಸೆ ಚೆನ್ನಾಗಿ ಕುದಿಸೇ ಕೊಡ್ತಾಳೆ. ನೀನ್ಯಾವಳೇ ಹೇಳೋಕೆ?"

ಈ ಮನೆಯಲ್ಲಿ ಕೂಸಿದೆಯೆಂದು ಅಗ್ರಿಪೀನಾಳಿಗೆ ಗೊತ್ತೇ ಇರಲಿಲ್ಲ.

"ಅಯ್ಯೋ ಮುಠ್ಠಾಳ! ಕುದಿಸಿದಷ್ಟೂ ನೀರು ಬತ್ತಿ ವಿಷ ಗಟ್ಟಿಯಾಗುತ್ತೆ ಕಣೋ!"

ಮನೆಯ ಕಡೆಗೆ ಓಡಿದಳು. ಅವನು ಬಾವಿಯ ಬಕೆಟ್ಟನ್ನು ಸರಪಳಿ ಸಮೇತ ಬೀಸಿದ. ಅವಳ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಬಿದ್ದವಳು ಹಿಡಿ ಮಣ್ಣು ಬಾಚಿ ಅವನ ಮುಖಕ್ಕೆರಚಿ ಎದ್ದು ಒಳಗೆ ನುಗ್ಗಿದಳು.

ಸೊಸೆ ಲೀದಾಳ ಮಡಿಲಲ್ಲಿದ್ದ ಕೂಸಿನ ತುಟಿ, ಉಗುರು ನೀಲಿಗಟ್ಟಿದ್ದವು.

"ನಿನ್ನೆಯಿಂದ ಹೀಗೇ ಇದೆ ಅಕ್ಕಾ. ಚಳಿಗೆ ಅಂದ್ಕೊಂಡೆ."

ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಅಗ್ರಿಪೀನಾ ಒದ್ದು ಚೆಲ್ಲಿ, ಕೂಸನ್ನು ಕಿತ್ತು ಎದೆಗವಚಿಕೊಂಡಳು. ಹಿಂದಿನಿಂದ ಬಂದ ತ್ರೋಫಿಮ್ ಅವಳ ಜುಟ್ಟು ಹಿಡಿದೆಳೆದ. ಅವಳು ಅವನ ಮಣಿಕಟ್ಟಿಗೆ ಹಲ್ಲೂರಿದಳು. ಆದರೂ ಜುಟ್ಟು ಬಿಡಲಿಲ್ಲ ಮಹಾರಾಯ! ಆಗ ಲೀದಾ ಮಾಮಲೀಗಾ ಮುದ್ದೆ ತಿರುವುವ ಕೋಲು ತೆಗೆದು ಮಾವನ ಬೆನ್ನಿಗೆ, ಹೆಗಲಿಗೆ, ತಲೆಗೆ ಸಿಕ್ಕಾಪಟ್ಟೆ ಬಾರಿಸಿದಳು.

"ಬಿಡಿ ಮಾವ! ಸತ್ತೋನಿಗೆ ನೀರು ಕುಡಿಸೋಕೆ ಬದುಕಿರೋದನ್ನ ಕೊಲ್ತೀರಾ? ಇದು ಅವನದೇ ಕೂಸು!"

ಅವನ ಕೈ ಸಡಿಲವಾಯಿತು. ನೆರೆಯವನ ಕಾರಿನಲ್ಲಿ ಹೆಂಗಸರಿಬ್ಬರೂ ಆಸ್ಪತ್ರೆ ಸೇರಿದರು. ಸೂಜಿಮದ್ದು ಕೊಟ್ಟ ಮೇಲೆ ಕೂಸಿನ ತುಟಿ ಕೆಂಪಾಯಿತು. ಅಗ್ರಿಪೀನಾ ಹಣೆಗೆ ಹೊಲಿಗೆ ಹಾಕಿಸಿಕೊಳ್ಳುತ್ತಲೇ ಬಿಕ್ಕಿಬಿಕ್ಕಿ ಅತ್ತಳು.

ಕೆಲವು ದಿನಗಳ ಮೇಲೆ ಅವಳು ಮತ್ತೆ ಆ ಹಾದಿಯಲ್ಲಿ ಬಂದಾಗ ನಿಕಾನೋರನ ಬಾವಿಯ ರಾಟೆ ಚೂರುಚೂರಾಗಿ ಬಿದ್ದಿತ್ತು. ಕಡಿದವನು ತ್ರೋಫಿಮನೇ. ಶಿಲುಬೆಯನ್ನು ಕಿತ್ತು ದೊಡ್ಡಿಯಿಂದ ದೂರವಿದ್ದ ಒರತೆಯ ಪಕ್ಕ ನೆಟ್ಟಿದ್ದ. ಅವಳನ್ನು ಕಂಡವನೇ, ಅವಳ ಹಣೆ ಒಡೆದ ಅದೇ ನೆಗ್ಗಿದ ಬಕೆಟ್ಟಿನಿಂದ ಲೋಟ ತುಂಬಿ, ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದ ಕೈಯನ್ನು ಚಾಚಿದ.

"ಕುಡಿ ತಂಗೀ. ಅವನ ಹೆಸರಲ್ಲಿ."

ಮುಖಕ್ಕೆ ಎರಚಿಬಿಡಲೇ ಅನ್ನಿಸಿತು ಅವಳಿಗೆ. ಚೀಲದಿಂದ ಪರೀಕ್ಷೆಯ ಪಟ್ಟಿ ತೆಗೆದು ಲೋಟದಲ್ಲದ್ದಿದಳು. ವಿಷವಿದ್ದರೆ ಅದು ಕೆಂಪಾಗಬೇಕು. ತ್ರೋಫಿಮ್ ಬಾಗಿ ಪಟ್ಟಿಯನ್ನೇ ನೋಡಿದ. ಪಟ್ಟಿ ಬಿಳಿಯಾಗಿಯೇ ಉಳಿಯಿತು.

ಅವಳು ತಳದವರೆಗೂ ಕುಡಿದಳು.

"ದೇವರು ನಿಕಾನೋರನನ್ನ ಕ್ಷಮಿಸಲಿ. ನಿನ್ನ ವಿಷಯ ನಾನಿನ್ನೂ ಯೋಚನೆ ಮಾಡ್ಬೇಕು."

ತ್ರೋಫಿಮ್ ತಲೆ ತಗ್ಗಿಸಿ ಇನ್ನೊಂದು ಲೋಟ ತುಂಬಿದ.